ಕಂಟ್ರಾಕ್ಟರ್ ತೋರಿಸಬೇಕಾದ ಎರಡು ಕಾಗದ



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ನಮ್ಮ ಹಿರಿಯರು ಹೇಳಿ ಹೋದರು. ಅವರೇನಾದರೂ ನ್ಯೂಜೆರ್ಸಿಗೆ ಬಂದು ನೆಲೆಸಿದ್ದರೆ "ಡೆಕ್ ಹಾಕಿಸಿ ನೋಡು, ಬೇಸ್‌ಮೆಂಟ್ ಮುಗಿಸಿ ನೋಡು" ಅಂತಲೂ ಸೇರಿಸುತ್ತಿದ್ದರೇನೋ! ಚಳಿಗಾಲ ಮುಗಿದು ಹಿಮ ಕರಗುತ್ತಿದ್ದ ಹಾಗೆ ನಮ್ಮ ಜನರ ಮಾತು ಶಿಂಗಲ್ಸ್, ಸೈಡಿಂಗ್, ಗಟರ್ ಕಡೆಗೆ ತಿರುಗುತ್ತದೆ. ನಾನು ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಇಲ್ಲಿ ಕಟ್ಟಡ ಕಟ್ಟುವ ಕಂಪನಿಯಲ್ಲೇ ಕೆಲಸ ಮಾಡುತ್ತಿರುವವನಾದ್ದರಿಂದ ಒಂದು ಪ್ರಶ್ನೆ ನನಗೆ ಪ್ರತಿ ವರ್ಷವೂ ತಪ್ಪದೆ ಬರುತ್ತದೆ: "ಸಾರ್, ರೂಫಿಗೆ ಮೂರು ಕೊಟೇಶನ್ ಬಂದಿದೆ. ಒಬ್ಬ ಮಾತ್ರ ಉಳಿದಿಬ್ಬರಿಗಿಂತ ತುಂಬಾ ಕಡಿಮೆ ಹೇಳ್ತಾ ಇದಾನೆ. ಮನೆಯೂ ಅದೇ, ಶಿಂಗಲ್ಸೂ ಅದೇ. ಅವನಿಗೆ ಮಾತ್ರ ಹೇಗೆ ಗಿಟ್ಟುತ್ತೆ?"

ನನ್ನ ಉತ್ತರ ಸಾಮಾನ್ಯವಾಗಿ ಒಂದೇ. ಶಿಂಗಲ್ಸಿನ ಬೆಲೆಯಲ್ಲಿ ಅಷ್ಟು ವ್ಯತ್ಯಾಸ ಬರುವುದಿಲ್ಲ. ಮೊದಲು ಅವನ ಇನ್ಶೂರೆನ್ಸ್ ಕಾಗದ ನೋಡಿ. ಆಮೇಲೆ ಅವನ ಕೆಲಸಗಾರರ ತರಬೇತಿ ಕಾಗದ ನೋಡಿ. ಆಫೀಸಿನಲ್ಲಿ ನಾನು ದಿನಾ ನೋಡುವುದೇ ಈ ಎರಡು ಕಾಗದಗಳನ್ನು. ಮಾಡಿನ ಮೇಲೆ ಹತ್ತಿದ ಮನುಷ್ಯ ಕೆಳಗೆ ಬಿದ್ದರೆ ಅದರ ಖರ್ಚನ್ನು ಯಾರೋ ಒಬ್ಬರು ಕೊಡಲೇಬೇಕು. ಇನ್ಶೂರೆನ್ಸ್ ಇರುವ ಕಂಟ್ರಾಕ್ಟರ್ ಆ ಖರ್ಚನ್ನು ತನ್ನ ಕೊಟೇಶನ್ನಿನಲ್ಲಿ ಮೊದಲೇ ಸೇರಿಸಿರುತ್ತಾನೆ. ಇಲ್ಲದವನು ಅದನ್ನು ಆ ಕೆಲಸಗಾರನ ತಲೆಗೋ ನಿಮ್ಮ ತಲೆಗೋ ಬಿಟ್ಟಿರುತ್ತಾನೆ. ಅಗ್ಗದ ಕೊಟೇಶನ್ನಿನ ಗುಟ್ಟು ಎಷ್ಟೋ ಸಲ ಇಷ್ಟೇ.

ಪ್ರೀಮಿಯಂ ಲೆಕ್ಕ ಹೇಗೆ?

ಕೆಲಸದ ಜಾಗದಲ್ಲಿ ಗಾಯವಾದವರಿಗೆ ಚಿಕಿತ್ಸೆ ಮತ್ತು ಪರಿಹಾರ ಕೊಡುವ ವಿಮೆಗೆ ಇಲ್ಲಿ ವರ್ಕರ್ಸ್ ಕಾಂಪೆನ್ಸೇಶನ್ ಅನ್ನುತ್ತಾರೆ, ಬಾಯಲ್ಲಿ ಬರುವುದು "ವರ್ಕರ್ಸ್ ಕಾಂಪ್". ನಮ್ಮ ಕಾರಿನ ಇನ್ಶೂರೆನ್ಸಿನ ಹಾಗೆ ಇದಕ್ಕೆ ಗೊತ್ತಾದ ಒಂದು ಮೊತ್ತ ಇರುವುದಿಲ್ಲ. ಮೂರು ಸಂಖ್ಯೆ ಗುಣಿಸಿದರೆ ಬರುವುದೇ ಪ್ರೀಮಿಯಂ.

ಮೊದಲನೆಯದು ಕಂಪನಿ ಕೊಡುವ ಒಟ್ಟು ಸಂಬಳ. ಪ್ರತಿ 100 ಡಾಲರ್ ಸಂಬಳಕ್ಕೆ ಇಷ್ಟು ಅಂತ ಲೆಕ್ಕ.

ಎರಡನೆಯದು ಕೆಲಸದ ಜಾತಿ! ಹೌದು, ಇಲ್ಲಿ ಕೆಲಸಕ್ಕೂ ಜಾತಿ ಉಂಟು. ಅದಕ್ಕೆ ಕ್ಲಾಸ್ ಕೋಡ್ ಅಂತ ಹೆಸರು. ಆಫೀಸಿನಲ್ಲಿ ಕುರ್ಚಿ ಮೇಲೆ ಕೂತು ಕೆಲಸ ಮಾಡುವವರದು 8810. ಮಾಡಿನ ಮೇಲೆ ಹತ್ತುವವರದು 5551. ಇಬ್ಬರಿಗೂ ದರ ಅಜಗಜಾಂತರ. ದರದ ಪಟ್ಟಿಯನ್ನು ನ್ಯೂಯಾರ್ಕಿನಲ್ಲಿ ಅಲ್ಲಿನ ರೇಟಿಂಗ್ ಬೋರ್ಡ್, ನ್ಯೂಜೆರ್ಸಿಯಲ್ಲಿ 'ಕ್ರಿಬ್' ಅಂತ ಕರೆಯುವ ಕಾಂಪೆನ್ಸೇಶನ್ ರೇಟಿಂಗ್ ಅಂಡ್ ಇನ್‌ಸ್ಪೆಕ್ಷನ್ ಬ್ಯೂರೋ ನೋಡಿಕೊಳ್ಳುತ್ತವೆ.

ಮೂರನೆಯದು ಆ ಕಂಪನಿಯ ಚರಿತ್ರೆ. ಇದಕ್ಕೆ ಎಕ್ಸ್‌ಪೀರಿಯನ್ಸ್ ಮಾಡಿಫಿಕೇಶನ್ ಅನ್ನುವ ಉದ್ದ ಹೆಸರಿದೆ, ನಾವೆಲ್ಲ "ಮಾಡ್" ಅನ್ನುತ್ತೇವೆ. ಸಾಮಾನ್ಯವಾಗಿ ಹಿಂದಿನ ಮೂರು ವರ್ಷಗಳ ಅಪಘಾತಗಳ ಖರ್ಚು ನೋಡಿ ಇದನ್ನು ಕಟ್ಟುತ್ತಾರೆ. ಅದೇ ಕೆಲಸ ಮಾಡುವ ಸರಾಸರಿ ಕಂಪನಿಯ ಮಾಡ್ 1.00. ಜಾಗ್ರತೆಯಿಂದ ಕೆಲಸ ಮಾಡಿದರೆ ಒಂದಕ್ಕಿಂತ ಕಡಿಮೆ, ಜನ ಬೀಳುತ್ತಲೇ ಇದ್ದರೆ ಒಂದಕ್ಕಿಂತ ಜಾಸ್ತಿ.

ಒಂದು ಲೆಕ್ಕ ಹಾಕೋಣ. ಅರ್ಥವಾಗಲಿ ಅಂತ ದರವನ್ನು ನಾನೇ ಇಟ್ಟುಕೊಂಡಿದ್ದೇನೆ, ನಿಜವಾದ ದರ ವರ್ಷವರ್ಷಕ್ಕೆ ಬದಲಾಗುತ್ತದೆ. ರೂಫಿಂಗ್ ಕಂಪನಿಯೊಂದು ವರ್ಷಕ್ಕೆ 2 ಲಕ್ಷ ಡಾಲರ್ ಸಂಬಳ ಕೊಡುತ್ತದೆ, ದರ ನೂರಕ್ಕೆ 20 ಡಾಲರ್ ಅಂತಿಟ್ಟುಕೊಳ್ಳಿ. ಆಗ ಪ್ರೀಮಿಯಂ 40,000 ಡಾಲರ್. ಮಾಡ್ 0.85 ಇದ್ದರೆ ಅದು 34,000ಕ್ಕೆ ಇಳಿಯುತ್ತದೆ. 1.25 ಇದ್ದರೆ 50,000ಕ್ಕೆ ಏರುತ್ತದೆ. ಒಂದೇ ಊರಿನ, ಒಂದೇ ಗಾತ್ರದ ಎರಡು ಕಂಪನಿಗಳ ನಡುವೆ ವರ್ಷಕ್ಕೆ 16,000 ಡಾಲರ್ ವ್ಯತ್ಯಾಸ! ಈಗ ಮೂರನೇ ಕಂಪನಿಯೊಂದನ್ನು ತೆಗೆದುಕೊಳ್ಳಿ. ಅವನು ಇನ್ಶೂರೆನ್ಸೇ ಮಾಡಿಸಿಲ್ಲ, ಅಥವಾ ಮಾಡಿಗೆ ಹತ್ತುವವರನ್ನೆಲ್ಲ "ಆಫೀಸ್ ಸ್ಟಾಫ್" ಅಂತ ತೋರಿಸಿದ್ದಾನೆ, ಅಥವಾ ಕೈಗೆ ಕ್ಯಾಶ್ ಕೊಟ್ಟು ಕಳಿಸುತ್ತಾನೆ. ಅವನ ಕೊಟೇಶನ್ ಯಾಕೆ ಅಗ್ಗ ಅಂತ ಇನ್ನು ನಾನು ಹೇಳಬೇಕಾಗಿಲ್ಲ.

ಹೀಗೆ ಮಾಡುವವರನ್ನು ಹಿಡಿಯಲು ಎರಡೂ ರಾಜ್ಯಗಳು ಸಾಕಷ್ಟು ಬಲೆ ಹಾಕಿವೆ. ವರ್ಷದ ಕೊನೆಯಲ್ಲಿ ಇನ್ಶೂರೆನ್ಸ್ ಕಂಪನಿಯ ಆಡಿಟರ್ ಲೆಕ್ಕದ ಪುಸ್ತಕ ನೋಡುತ್ತಾನೆ. ವಿಮೆಯಿಲ್ಲದ ಸಬ್‌ಕಂಟ್ರಾಕ್ಟರಿಗೆ ಕೊಟ್ಟ ಹಣವನ್ನೂ ನಿಮ್ಮ ಸಂಬಳದ ಲೆಕ್ಕಕ್ಕೇ ಸೇರಿಸಿ ಪ್ರೀಮಿಯಂ ವಸೂಲು ಮಾಡುತ್ತಾನೆ. ನ್ಯೂಯಾರ್ಕಿನಲ್ಲಿ 2010ರ ಫೇರ್ ಪ್ಲೇ ಕಾಯ್ದೆ ಪ್ರಕಾರ ಕಟ್ಟಡ ಕೆಲಸಕ್ಕೆ ಬಂದವನು ನೌಕರನೇ ಎಂದು ಮೊದಲೇ ಊಹಿಸಲಾಗುತ್ತದೆ. "ಅಲ್ಲ, ಅವನು ಸ್ವತಂತ್ರ ಕಂಟ್ರಾಕ್ಟರ್" ಅನ್ನುವುದನ್ನು ಕೆಲಸ ಕೊಟ್ಟವನೇ ಸಾಬೀತು ಮಾಡಬೇಕು. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಅಲ್ಲಿ ಪ್ರತಿ 10 ದಿನಕ್ಕೆ 2,000 ಡಾಲರ್‌ವರೆಗೆ ದಂಡ.

ಈ ಕಾನೂನು ಎಲ್ಲಿಂದ ಬಂತು?

"ಇಷ್ಟೆಲ್ಲ ಯಾಕ್ರೀ ಬೇಕು? ನಮ್ಮೂರಲ್ಲಿ ಮೇಸ್ತ್ರಿ ನಾಲ್ಕು ಜನರನ್ನು ಕರಕೊಂಡು ಬಂದು ಕೆಲಸ ಮುಗಿಸಿ ಹೋಗ್ತಿದ್ದ" ಅಂತ ನೀವು ಕೇಳಬಹುದು. ಇಲ್ಲೂ ಒಂದು ಕಾಲದಲ್ಲಿ ಹಾಗೇ ಇತ್ತು. ಕೆಲಸಗಾರ ಬಿದ್ದರೆ ಪರಿಹಾರಕ್ಕೆ ಕೋರ್ಟಿಗೆ ಹೋಗಬೇಕು, ತಪ್ಪು ಧಣಿಯದೇ ಅಂತ ಅವನೇ ಸಾಬೀತು ಮಾಡಬೇಕು. ಧಣಿಯ ಕಡೆ ವಕೀಲರು "ಅಪಾಯ ಗೊತ್ತಿದ್ದೇ ಕೆಲಸಕ್ಕೆ ಬಂದ", "ಜೊತೆಯವನು ಮಾಡಿದ ತಪ್ಪು" ಅಂತೆಲ್ಲ ವಾದಿಸಿ ಗೆದ್ದುಬಿಡುತ್ತಿದ್ದರು.

ಇದನ್ನು ಸರಿಮಾಡಲು ನ್ಯೂಯಾರ್ಕ್ 1910ರಲ್ಲಿ ಒಂದು ಕಾಯ್ದೆ ತಂದಿತು. 1911ರ ಮಾರ್ಚ್ 24ರಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ಸಂವಿಧಾನಬಾಹಿರ ಎಂದು ರದ್ದು ಮಾಡಿತು. ಮರುದಿನವೇ, ಮಾರ್ಚ್ 25ರ ಶನಿವಾರ, ಮ್ಯಾನ್‌ಹಟನ್ನಿನ ವಾಷಿಂಗ್ಟನ್ ಸ್ಕ್ವೇರ್ ಪಕ್ಕದ ಟ್ರಯಾಂಗಲ್ ಶರ್ಟ್‌ವೇಸ್ಟ್ ಫ್ಯಾಕ್ಟರಿಗೆ ಬೆಂಕಿ ಬಿತ್ತು. 146 ಜನ ಸತ್ತರು. ಹೆಚ್ಚಿನವರು ಇಟಲಿಯಿಂದ ಮತ್ತು ಪೂರ್ವ ಯುರೋಪಿನ ಯಹೂದಿ ಮನೆಗಳಿಂದ ಬಂದಿದ್ದ ಹುಡುಗಿಯರು. ನಮ್ಮ ಹಾಗೆ ಹೊರಗಿನಿಂದ ಬಂದವರೇ. ಮಾಲೀಕರು ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದರು. ಸಿವಿಲ್ ದಾವೆ ಹೂಡಿದ 23 ಕುಟುಂಬಗಳಿಗೆ 1914ರಲ್ಲಿ ಸಿಕ್ಕಿದ್ದು ಸತ್ತ ಒಂದೊಂದು ಜೀವಕ್ಕೆ 75 ಡಾಲರ್. ಆ ಕಟ್ಟಡ ಈಗಲೂ ಇದೆ, ಎನ್‌ವೈಯು ವಿಶ್ವವಿದ್ಯಾಲಯದ ಬ್ರೌನ್ ಬಿಲ್ಡಿಂಗ್. ಆ ಕಡೆ ಹೋದಾಗ ಒಮ್ಮೆ ನಿಂತು ನೋಡಿ.

ಆಮೇಲೆ ನ್ಯೂಯಾರ್ಕ್ ತನ್ನ ಸಂವಿಧಾನವನ್ನೇ 1913ರಲ್ಲಿ ತಿದ್ದಿತು, 1914ರಲ್ಲಿ ವರ್ಕರ್ಸ್ ಕಾಂಪ್ ಜಾರಿಗೆ ಬಂತು, ಅದೇ ವರ್ಷ ಸ್ಟೇಟ್ ಇನ್ಶೂರೆನ್ಸ್ ಫಂಡ್ ಕೂಡ ಶುರುವಾಯಿತು. ನ್ಯೂಜೆರ್ಸಿ ಅದಕ್ಕೂ ಮುಂಚೆ, ವುಡ್ರೊ ವಿಲ್ಸನ್ ಗವರ್ನರ್ ಆಗಿದ್ದ 1911ರಲ್ಲೇ ಕಾಯ್ದೆ ಮಾಡಿತ್ತು. ಒಪ್ಪಂದ ಸರಳ: ತಪ್ಪು ಯಾರದು ಅಂತ ಕೇಳದೆ ಚಿಕಿತ್ಸೆ ಸಿಗುತ್ತದೆ, ಸಂಬಳದ ಒಂದು ಭಾಗ ಸಿಗುತ್ತದೆ. ತಾತ್ಕಾಲಿಕವಾಗಿ ಕೆಲಸ ಮಾಡಲಾಗದಿದ್ದರೆ ನ್ಯೂಯಾರ್ಕಿನಲ್ಲಿ ಸಂಬಳದ ಮೂರರಲ್ಲಿ ಎರಡು ಪಾಲು, ನ್ಯೂಜೆರ್ಸಿಯಲ್ಲಿ ಶೇಕಡಾ 70. ಎರಡಕ್ಕೂ ಮೇಲ್ಮಿತಿ ಉಂಟು. ಬದಲಿಗೆ ಕೆಲಸಗಾರ ತನ್ನ ಧಣಿಯ ಮೇಲೆ ಸಾಮಾನ್ಯವಾಗಿ ಕೇಸು ಹಾಕುವಂತಿಲ್ಲ. ಇನ್ನೊಂದು ಮಾತು: ವೀಸಾ ಕಾಗದ ಇಲ್ಲದ ಕೆಲಸಗಾರನಿಗೂ ಎರಡೂ ರಾಜ್ಯಗಳಲ್ಲಿ ಈ ಹಕ್ಕಿದೆ. "ಅವನಿಗೆ ಪೇಪರ್ಸ್ ಇಲ್ಲ, ಏನೂ ಕೇಳಲಾರ" ಅಂತ ಕೆಲವು ಕಂಟ್ರಾಕ್ಟರುಗಳು ಹೇಳುವುದನ್ನು ಕೇಳಿದ್ದೇನೆ. ಅದು ಕಾನೂನಿನ ಪ್ರಕಾರವೂ ಸುಳ್ಳು, ಮನುಷ್ಯತ್ವದ ಪ್ರಕಾರವೂ ಸುಳ್ಳು.

ಹಡ್ಸನ್ ನದಿಯ ಆ ದಡ, ಈ ದಡ

ಧಣಿಯ ಮೇಲೆ ಕೇಸು ಹಾಕುವಂತಿಲ್ಲ ಅಂದೆನಲ್ಲ, ಹಾಗಾದರೆ ಬೇರೆ ಯಾರ ಮೇಲೆ ಹಾಕಬಹುದು? ಇಲ್ಲಿ ನಮ್ಮ ಎರಡು ರಾಜ್ಯಗಳ ದಾರಿ ಬೇರೆಯಾಗುತ್ತದೆ.

ನ್ಯೂಯಾರ್ಕಿನಲ್ಲಿ ಲೇಬರ್ ಲಾ 240 ಅನ್ನುವ ಕಾನೂನಿದೆ. ಅದರ ಮೂಲ 1885ರಷ್ಟು ಹಳೆಯದು. ಜನ ಕರೆಯುವುದು ಸ್ಕಫೋಲ್ಡ್ ಲಾ ಅಂತ, ನಮ್ಮ ಮಾತಿನಲ್ಲಿ ಸಾರವೆ ಕಾನೂನು ಅನ್ನಬಹುದು. ಏಣಿ, ಸಾರವೆ, ಹಗ್ಗ ಇತ್ಯಾದಿ ಸರಿಯಾದ ರಕ್ಷಣೆ ಇಲ್ಲದೆ ಕೆಲಸಗಾರ ಎತ್ತರದಿಂದ ಬಿದ್ದರೆ, ಅಥವಾ ಮೇಲಿಂದ ವಸ್ತು ಅವನ ಮೇಲೆ ಬಿದ್ದರೆ, ಕಟ್ಟಡದ ಮಾಲೀಕ ಮತ್ತು ಮುಖ್ಯ ಕಂಟ್ರಾಕ್ಟರ್ ಇಬ್ಬರೂ ಪೂರ್ತಿ ಹೊಣೆ. ಕೆಲಸಗಾರನದೂ ಸ್ವಲ್ಪ ತಪ್ಪಿತ್ತು ಅಂತ ಪರಿಹಾರ ಕಡಿಮೆ ಮಾಡಿಸುವಂತಿಲ್ಲ. ಇಂಥದೇ ಕಾನೂನನ್ನು ಇಲಿನಾಯ್ 1995ರಲ್ಲಿ ತೆಗೆದುಹಾಕಿತು, ಇಷ್ಟು ಬಿಗಿಯಾಗಿ ಉಳಿಸಿಕೊಂಡಿರುವುದು ನ್ಯೂಯಾರ್ಕ್ ಒಂದೇ. ಇದರಿಂದ ವಿಮೆ ದುಬಾರಿಯಾಯಿತು ಅಂತ ಕಂಟ್ರಾಕ್ಟರುಗಳೂ ಇನ್ಶೂರೆನ್ಸ್ ಕಂಪನಿಗಳೂ ಪ್ರತಿ ವರ್ಷ ಆಲ್ಬನಿಗೆ ಹೋಗಿ ದೂರುತ್ತಾರೆ. ಅದಿಲ್ಲದಿದ್ದರೆ ಸಾರವೆಗೆ ಯಾರೂ ಖರ್ಚು ಮಾಡುವುದಿಲ್ಲ ಅಂತ ಕಾರ್ಮಿಕ ಸಂಘಗಳು ವಾದಿಸುತ್ತವೆ. ನದಿ ದಾಟಿ ನ್ಯೂಜೆರ್ಸಿಗೆ ಬಂದರೆ ಇಂಥ ಕಾನೂನಿಲ್ಲ, ಯಾರ ನಿರ್ಲಕ್ಷ್ಯ ಎಷ್ಟು ಅಂತ ನೋಡುತ್ತಾರೆ. ಜೆರ್ಸಿ ಸಿಟಿಯಲ್ಲಿ ಮಾಡಿದ ಅದೇ ಕೆಲಸಕ್ಕೆ ಕ್ವೀನ್ಸ್‌ನಲ್ಲಿ ಕಂಟ್ರಾಕ್ಟರ್ ಹೆಚ್ಚು ಕೇಳುವುದಕ್ಕೆ ಇದೂ ಒಂದು ಕಾರಣ.

ಗಾಬರಿಯಾಗಬೇಡಿ. ಒಂದು ಅಥವಾ ಎರಡು ಸಂಸಾರದ ಮನೆಯ ಮಾಲೀಕರಿಗೆ ಈ ಕಾನೂನಿನಲ್ಲಿ ವಿನಾಯಿತಿ ಇದೆ, ಒಂದು ಷರತ್ತಿನ ಮೇಲೆ: ಕೆಲಸವನ್ನು ನೀವು ನಿರ್ದೇಶಿಸುತ್ತಿರಬಾರದು, ಹಿಡಿತದಲ್ಲಿ ಇಟ್ಟುಕೊಂಡಿರಬಾರದು. "ಬಣ್ಣ ಇದು ಬೇಡ, ಅದು ಇರಲಿ" ಅನ್ನುವುದು ಬೇರೆ. ನಿಮ್ಮ ಗ್ಯಾರೇಜಿನ ಏಣಿ ಕೊಟ್ಟು "ಇಲ್ಲಿ ನಿಲ್ಲಿಸು, ಹೀಗೆ ಹತ್ತು" ಅನ್ನುವುದು ಬೇರೆ. ನಮ್ಮವರಲ್ಲಿ ಕೆಲಸಗಾರರ ಹಿಂದೆಯೇ ನಿಂತು ಸಲಹೆ ಕೊಡುವ ಅಭ್ಯಾಸ ಸ್ವಲ್ಪ ಜಾಸ್ತಿ; ನ್ಯೂಯಾರ್ಕ್ ಕಡೆಯವರು ಅದನ್ನು ಬಿಡುವುದು ಕ್ಷೇಮ. ಮೂರು ಸಂಸಾರದ ಮನೆ ಕೊಂಡು ಬಾಡಿಗೆಗೆ ಕೊಟ್ಟಿರುವವರಿಗೆ ಈ ವಿನಾಯಿತಿ ಇಲ್ಲ ಅನ್ನುವುದನ್ನೂ ಗಮನಿಸಿ.

ಮೊದಲನೇ ಕಾಗದ: ಇನ್ಶೂರೆನ್ಸ್

ಈಗ ಮನೆಯವರು ಮಾಡಬೇಕಾದ ಕೆಲಸ. ಕಂಟ್ರಾಕ್ಟರನ್ನು ಇನ್ಶೂರೆನ್ಸ್ ಇದೆಯಾ ಅಂತ ಕೇಳಿದರೆ "ಫುಲ್ಲಿ ಇನ್ಶೂರ್ಡ್ ಸಾರ್" ಅಂತಲೇ ಹೇಳುತ್ತಾನೆ. ವ್ಯಾನಿನ ಮೇಲೂ ಅದನ್ನೇ ಬರೆಸಿರುತ್ತಾನೆ. ಆದರೆ ಅದರೊಳಗೆ ಎರಡು ಬೇರೆ ಬೇರೆ ವಿಮೆಗಳಿವೆ. ನಿಮ್ಮ ಮನೆಗೋ ಪಕ್ಕದ ಮನೆಯ ಕಾರಿಗೋ ಹಾನಿಯಾದರೆ ಕೊಡುವುದು ಜನರಲ್ ಲಯಬಿಲಿಟಿ. ಕೆಲಸಗಾರ ಬಿದ್ದರೆ ಕೊಡುವುದು ವರ್ಕರ್ಸ್ ಕಾಂಪ್. ಎಷ್ಟೋ ಜನರ ಬಳಿ ಮೊದಲನೆಯದು ಇರುತ್ತದೆ, ಎರಡನೆಯದು ಇರುವುದಿಲ್ಲ. ಅಕಾರ್ಡ್ 25 ಅನ್ನುವ ಒಂದು ಪುಟದ ಸರ್ಟಿಫಿಕೇಟಿನಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು ಇರುತ್ತದೆ. ವರ್ಕರ್ಸ್ ಕಾಂಪ್ ಸಾಲು ಖಾಲಿ ಇದೆಯಾ ನೋಡಿ. ಪಾಲಿಸಿಯ ಕೊನೆಯ ತಾರೀಕು ನಿಮ್ಮ ಕೆಲಸ ಮುಗಿಯುವ ತನಕ ಇದೆಯಾ ನೋಡಿ. ಸರ್ಟಿಫಿಕೇಟನ್ನು ಕಂಟ್ರಾಕ್ಟರ್ ಕೈಯಿಂದ ತೆಗೆದುಕೊಳ್ಳುವ ಬದಲು, ನಿಮ್ಮ ಹೆಸರು ಹಾಕಿ ಅವನ ಇನ್ಶೂರೆನ್ಸ್ ಏಜೆಂಟೇ ನಿಮಗೆ ನೇರವಾಗಿ ಈಮೈಲ್ ಮಾಡಲಿ ಅನ್ನಿ. ಫೋಟೋಶಾಪ್ ಎಲ್ಲರಿಗೂ ಬರುವ ಕಾಲ ಇದು!

ನ್ಯೂಯಾರ್ಕಿನಲ್ಲಿ ಪರ್ಮಿಟ್ ಕೊಡುವ ಕಚೇರಿಗಳು ವರ್ಕರ್ಸ್ ಕಾಂಪಿಗೆ ಅಕಾರ್ಡ್ ಫಾರಂ ಒಪ್ಪುವುದಿಲ್ಲ. ಖಾಸಗಿ ಕಂಪನಿಯ ಪಾಲಿಸಿಯಾದರೆ ಸಿ-105.2, ಸ್ಟೇಟ್ ಫಂಡಿನದಾದರೆ ಯು-26.3 ಬೇಕು. ಕೆಲಸಗಾರರೇ ಇಲ್ಲದವನು ತರುವುದು ಸಿಇ-200, ಅಂದರೆ "ನನಗೆ ವಿಮೆ ಬೇಕಾಗಿಲ್ಲ" ಅನ್ನುವ ಹೇಳಿಕೆ. ಸಿಇ-200 ತೋರಿಸಿದವನು ಮರುದಿನ ನಾಲ್ಕು ಜನರನ್ನು ವ್ಯಾನಿನಿಂದ ಇಳಿಸಿದರೆ ಅಲ್ಲೇ ಕೆಲಸ ನಿಲ್ಲಿಸಿ ಕೇಳಿ. ಪಾಲಿಸಿ ನಿಜವಾಗಿ ಜೀವಂತ ಇದೆಯಾ ಅನ್ನುವುದನ್ನು ನ್ಯೂಯಾರ್ಕಿನವರು ವರ್ಕರ್ಸ್ ಕಾಂಪೆನ್ಸೇಶನ್ ಬೋರ್ಡಿನ ವೆಬ್‌ಸೈಟಿನಲ್ಲಿ, ನ್ಯೂಜೆರ್ಸಿಯವರು ಕ್ರಿಬ್ ವೆಬ್‌ಸೈಟಿನಲ್ಲಿ ತಾವೇ ಹುಡುಕಬಹುದು. ಐದು ನಿಮಿಷದ ಕೆಲಸ, ಖರ್ಚಿಲ್ಲ.

ಒಬ್ಬನೇ ಬಂದು ಕೆಲಸ ಮಾಡಿ ಹೋಗುವ ಹ್ಯಾಂಡಿಮನ್ ವಿಷಯ ಬೇರೆ. ತನ್ನ ಅಂಗಡಿಗೆ ತಾನೇ ಯಜಮಾನ, ತಾನೇ ಆಳು. ಅವನು ತನಗಾಗಿ ವರ್ಕರ್ಸ್ ಕಾಂಪ್ ಮಾಡಿಸಲೇಬೇಕು ಅಂತ ಕಾನೂನಿಲ್ಲ. ಅಂಥವನನ್ನು ಎರಡು ಮಹಡಿ ಎತ್ತರದ ಗಟರ್ ಕೆಲಸಕ್ಕೆ ಹತ್ತಿಸುವ ಮೊದಲು ನಿಮ್ಮ ಹೋಮ್‌ಓನರ್ಸ್ ಪಾಲಿಸಿಯ ಏಜೆಂಟಿಗೆ ಒಂದು ಫೋನ್ ಮಾಡಿ. ನ್ಯೂಜೆರ್ಸಿಯ ಹೋಮ್‌ಓನರ್ಸ್ ಪಾಲಿಸಿಗಳಲ್ಲಿ ಮನೆಗೆಲಸದವರಿಗೆ ವರ್ಕರ್ಸ್ ಕಾಂಪ್ ಸೇರಿರಬೇಕು ಅಂತ ಕಾನೂನಿದೆ. ಆದರೆ ಅದನ್ನೇ ನಂಬಿಕೊಂಡು ಹಾರ್ಡ್‌ವೇರ್ ಅಂಗಡಿಯ ಪಾರ್ಕಿಂಗ್ ಲಾಟಿನಿಂದ ದಿನಗೂಲಿಗೆ ಜನ ಕರೆತಂದು ರೂಫ್ ಬಿಚ್ಚಿಸಿದರೆ, ಧಣಿ ನೀವೇ ಆಗಿಬಿಡಬಹುದು.

ಲೈಸೆನ್ಸ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನ್ಯೂಜೆರ್ಸಿಯಲ್ಲಿ ಹೋಮ್ ಇಂಪ್ರೂವ್‌ಮೆಂಟ್ ಕಂಟ್ರಾಕ್ಟರುಗಳು ರಾಜ್ಯದಲ್ಲಿ ನೋಂದಾಯಿಸಿಕೊಳ್ಳಬೇಕು ಅನ್ನುವ ಕಾಯ್ದೆ 2004ರದು. 13ವಿಎಚ್ ಅಂತ ಶುರುವಾಗುವ ನಂಬರನ್ನು ಜಾಹೀರಾತು, ವ್ಯಾನು, ಕಾಂಟ್ರಾಕ್ಟ್ ಎಲ್ಲದರ ಮೇಲೂ ನೋಡಬಹುದು. 500 ಡಾಲರ್ ಮೀರಿದ ಕೆಲಸಕ್ಕೆ ಬರವಣಿಗೆಯ ಕಾಂಟ್ರಾಕ್ಟ್ ಕಡ್ಡಾಯ. ಸಹಿ ಮಾಡಿದ ಮೂರು ವ್ಯವಹಾರದ ದಿನಗಳೊಳಗೆ ನೀವು ರದ್ದು ಮಾಡಬಹುದು. 2024ರ ಜನವರಿಯಲ್ಲಿ ಸಹಿಯಾದ ಹೊಸ ಕಾಯ್ದೆ ಇನ್ನೂ ಬಿಗಿ: ಬರೀ ನೋಂದಣಿಯ ಬದಲು ಲೈಸೆನ್ಸ್, ಬಾಂಡ್, ವರ್ಕರ್ಸ್ ಕಾಂಪ್ ಪುರಾವೆ. ನ್ಯೂಯಾರ್ಕ್ ರಾಜ್ಯಕ್ಕೆಲ್ಲ ಒಂದೇ ಇಂಥ ಲೈಸೆನ್ಸ್ ಇಲ್ಲ. ನ್ಯೂಯಾರ್ಕ್ ಸಿಟಿ, ನಾಸಾ, ಸಫೋಕ್, ವೆಸ್ಟ್‌ಚೆಸ್ಟರ್ ತಮ್ಮ ತಮ್ಮ ಲೈಸೆನ್ಸ್ ಕೊಡುತ್ತವೆ. ಇನ್ನು ಕಂಟ್ರಾಕ್ಟರ್ "ಪರ್ಮಿಟ್ ನಿಮ್ಮ ಹೆಸರಲ್ಲೇ ತಗೊಳ್ಳಿ, ಬೇಗ ಆಗುತ್ತೆ" ಅಂದರೆ ಎಚ್ಚರ. ಬೇಗ ಆಗುವುದು ಹೊಣೆಯ ವರ್ಗಾವಣೆ!

ಎರಡನೇ ಕಾಗದ: ತರಬೇತಿ

ಇನ್ಶೂರೆನ್ಸ್ ಬಿದ್ದ ಮೇಲಿನ ಮಾತು. ಬೀಳದ ಹಾಗೆ ನೋಡಿಕೊಳ್ಳುವುದು ತರಬೇತಿ. ಕಟ್ಟಡ ಕೆಲಸದ ಸಾವುಗಳಿಗೆ ಮುಖ್ಯ ಕಾರಣಗಳು ನಾಲ್ಕು ಅಂತ ಓಶಾ ಪಾಠ ಹೇಳುತ್ತದೆ: ಎತ್ತರದಿಂದ ಬೀಳುವುದು, ವಸ್ತು ಬಡಿಯುವುದು, ಕರೆಂಟ್ ಹೊಡೆಯುವುದು, ಎರಡರ ಮಧ್ಯೆ ಸಿಕ್ಕಿಕೊಳ್ಳುವುದು ಅಥವಾ ಮಣ್ಣಿನಲ್ಲಿ ಹೂತುಹೋಗುವುದು. ಮೊದಲ ಸ್ಥಾನ ಬೀಳುವುದಕ್ಕೇ. ಓಶಾ ಅಂದರೆ 1970ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ಸರ್ಕಾರದ ಸುರಕ್ಷತಾ ಇಲಾಖೆ. ಕಟ್ಟಡ ಕೆಲಸದಲ್ಲಿ 6 ಅಡಿ ಎತ್ತರ ದಾಟಿದರೆ ಬೀಳದಂತೆ ರಕ್ಷಣೆ ಬೇಕು, 5 ಅಡಿ ಆಳದ ಗುಂಡಿಗೆ ಗಟ್ಟಿ ಬಂಡೆಯಲ್ಲದಿದ್ದರೆ ಪಕ್ಕದ ಮಣ್ಣು ಕುಸಿಯದಂತೆ ಆಸರೆ ಬೇಕು ಅಂತ ಅದರ ನಿಯಮ.

ಈ ಎರಡನೇ ನಿಯಮದ ಬೆಲೆ ಏನು ಅಂತ ನ್ಯೂಯಾರ್ಕ್ ನೋಡಿದೆ. 2015ರ ಏಪ್ರಿಲ್ 6ರಂದು ಮ್ಯಾನ್‌ಹಟನ್ನಿನ ಮೀಟ್‌ಪ್ಯಾಕಿಂಗ್ ಬಡಾವಣೆಯಲ್ಲಿ ಆಸರೆಯಿಲ್ಲದ ಸುಮಾರು 14 ಅಡಿ ಗುಂಡಿ ಕುಸಿದು ಕಾರ್ಲೋಸ್ ಮೊಂಕಾಯೊ ಅನ್ನುವ ಹುಡುಗ ಸತ್ತ. ಈಕ್ವೆಡಾರಿನಿಂದ ಬಂದವನು, ವಯಸ್ಸು 22. ಮುಖ್ಯ ಕಂಟ್ರಾಕ್ಟರ್ ಕಂಪನಿ ನರಹತ್ಯೆಯ ಅಪರಾಧಿ ಅಂತ 2016ರಲ್ಲಿ ತೀರ್ಪಾಯಿತು. ಆಗಿನ ಕಾನೂನಿನಲ್ಲಿ ಅದಕ್ಕಿದ್ದ ಗರಿಷ್ಠ ದಂಡ 10,000 ಡಾಲರ್! 2022ರ ಡಿಸೆಂಬರಿನಲ್ಲಿ ಅವನ ಹೆಸರಿನ ಕಾರ್ಲೋಸ್ ಲಾ ಬಂದ ಮೇಲೆ ಇಂಥ ಘೋರ ಅಪರಾಧಗಳಿಗೆ ಕಂಪನಿಯ ದಂಡ ಕನಿಷ್ಠ 5 ಲಕ್ಷ ಡಾಲರಿಗೆ ಏರಿತು.

ನ್ಯೂಯಾರ್ಕ್ ಸಿಟಿ 2017ರಲ್ಲಿ ಲೋಕಲ್ ಲಾ 196 ತಂದಿತು. ದೊಡ್ಡ ಕಟ್ಟಡದ ಸೈಟುಗಳಲ್ಲಿ ಕೆಲಸಗಾರರಿಗೆ 40 ಗಂಟೆ, ಮೇಲ್ವಿಚಾರಕರಿಗೆ 62 ಗಂಟೆ ತರಬೇತಿ. 2021ರ ಮಾರ್ಚಿನಿಂದ ಇದು ಪೂರ್ತಿ ಜಾರಿ. ಕೆಲಸಗಾರನ 40 ಗಂಟೆಯಲ್ಲಿ 30 ಗಂಟೆ ಓಶಾ ಪಾಠ, 8 ಗಂಟೆ ಬೀಳದಂತೆ ತಡೆಯುವ ಪಾಠ, 2 ಗಂಟೆ ಮದ್ಯ ಮತ್ತು ಮಾದಕ ವಸ್ತುಗಳ ಕುರಿತದ್ದು. ಮುಗಿಸಿದವರಿಗೆ ಎಸ್‌ಎಸ್‌ಟಿ ಕಾರ್ಡ್, ಐದು ವರ್ಷಕ್ಕೊಮ್ಮೆ ನವೀಕರಣ. ಕಾರ್ಡಿಲ್ಲದ ಒಬ್ಬ ಸಿಕ್ಕರೆ ಮಾಲೀಕನಿಗೆ, ಪರ್ಮಿಟ್ ಪಡೆದವನಿಗೆ, ಕೆಲಸ ಕೊಟ್ಟವನಿಗೆ ತಲಾ 5,000 ಡಾಲರ್‌ವರೆಗೆ ದಂಡ. ನಿಮ್ಮ ಒಂದು ಸಂಸಾರದ ಮನೆಗೆ ಇದು ಅನ್ವಯಿಸುವುದಿಲ್ಲ. ಆದರೂ "ನಿಮ್ಮ ಹುಡುಗರ ಬಳಿ ಓಶಾ ಕಾರ್ಡ್ ಇದೆಯಾ? ಮಾಡಿನ ಮೇಲೆ ಹಗ್ಗ ಕಟ್ಟಿಕೊಳ್ತಾರಾ?" ಅಂತ ಕೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಆ ಪ್ರಶ್ನೆಗೆ ಕಂಟ್ರಾಕ್ಟರ್ ನಕ್ಕುಬಿಟ್ಟರೆ ನಿಮಗೆ ಉತ್ತರ ಸಿಕ್ಕಿದ ಹಾಗೇ.

ಕಾರ್ಡಿಗೂ ಕಳ್ಳಮಾರ್ಗ ಇದೆ. 2024ರ ಫೆಬ್ರವರಿಯಲ್ಲಿ ಮ್ಯಾನ್‌ಹಟನ್ ಡಿಸ್ಟ್ರಿಕ್ಟ್ ಅಟಾರ್ನಿ ಕಚೇರಿ ಒಂದು ತರಬೇತಿ ಸಂಸ್ಥೆಯ ಮೇಲೆ ಆರೋಪ ಹೊರಿಸಿತು: ಸುಮಾರು 20,000 ಜನರಿಗೆ ಪಾಠವನ್ನೇ ಮಾಡದೆ ಕಾರ್ಡ್ ಮಾರಿದ್ದಾರೆ ಅಂತ. 2022ರಲ್ಲಿ 15ನೇ ಮಹಡಿಯಿಂದ ಬಿದ್ದು ಸತ್ತ ಒಬ್ಬ ಕಾರ್ಮಿಕನ ಕಾರ್ಡೂ ಅದೇ ಸಂಸ್ಥೆಯದು ಅನ್ನುವುದು ಆ ಆರೋಪದ ಅತಿ ನೋವಿನ ಭಾಗ. ಕೆಲಸಗಾರ ಒಂದು ವಾರದ ಕೂಲಿ ಕಳೆದುಕೊಂಡು ಪಾಠಕ್ಕೆ ಕೂರುವ ಬದಲು ಹಣ ಕೊಟ್ಟು ಕಾರ್ಡ್ ಕೊಳ್ಳುತ್ತಾನೆ, ಧಣಿಗೆ ಕಾರ್ಡ್ ಸಿಕ್ಕಿದರೆ ಸಾಕು. ಹಾಗೆ ಕೊಂಡ ಕಾರ್ಡು ದಂಡ ತಪ್ಪಿಸಬಹುದು, ಬಿದ್ದವನನ್ನು ಹಿಡಿಯಲಾರದು. ಆಮೇಲೆ ಮರುಗಿದರೆ "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಅನ್ನುವ ಹಾಗೆ.

ತರಬೇತಿ ಪ್ರೀಮಿಯಂ ಇಳಿಸುತ್ತದೆಯೇ?

ನಮ್ಮಲ್ಲಿ ಕೆಲವರು ಸಣ್ಣ ಕಂಟ್ರಾಕ್ಟಿಂಗ್ ಕಂಪನಿ ಇಟ್ಟುಕೊಂಡಿದ್ದಾರೆ. ಅವರು ಕೇಳುವ ಪ್ರಶ್ನೆ ಇದು. ಕಾರ್ಡ್ ತೋರಿಸಿದ ಕೂಡಲೇ ಬಿಲ್ಲು ಇಳಿಯುವುದಿಲ್ಲ. ತರಬೇತಿಯಿಂದ ಅಪಘಾತ ಕಡಿಮೆಯಾಗಬೇಕು, ಆಮೇಲೆ ಮಾಡ್ ಇಳಿಯಬೇಕು, ಅದಕ್ಕೆ ಎರಡು ಮೂರು ವರ್ಷ ಹಿಡಿಯುತ್ತದೆ. ಹಾಗೆಯೇ ಇವತ್ತಿನ ಒಂದು ಅಪಘಾತ ಮೂರು ವರ್ಷ ಬಿಲ್ಲಿನಲ್ಲಿ ಕಾಡುತ್ತದೆ. ಮಾಡ್ ಒಂದಕ್ಕಿಂತ ಜಾಸ್ತಿ ಇರುವವರನ್ನು ಅನೇಕ ದೊಡ್ಡ ಕಂಪನಿಗಳು ಬಿಡ್ ಮಾಡಲೂ ಕರೆಯುವುದಿಲ್ಲ. ನ್ಯೂಯಾರ್ಕಿನಲ್ಲಿ ಸಂಬಳದ ಮೊತ್ತ 8 ಲಕ್ಷ ಡಾಲರ್ ದಾಟಿ, ಮಾಡ್ 1.20 ಮೀರಿದರೆ, ಕೋಡ್ ರೂಲ್ 59 ಪ್ರಕಾರ ಸುರಕ್ಷತಾ ತಜ್ಞರನ್ನು ಕರೆಸಿ ಪರಿಶೀಲನೆ ಮಾಡಿಸುವುದು ಕಡ್ಡಾಯ. ಕೋಡ್ ರೂಲ್ 60ರಲ್ಲಿ, ಒಪ್ಪಿಗೆ ಪಡೆದ ಸುರಕ್ಷತಾ ಕಾರ್ಯಕ್ರಮ ನಡೆಸುವ ಅರ್ಹ ಕಂಪನಿಗಳಿಗೆ ಪ್ರೀಮಿಯಂನಲ್ಲಿ ರಿಯಾಯಿತಿ ಉಂಟು. ಎರಡೂ ರಾಜ್ಯಗಳಲ್ಲಿ, ಒಳ್ಳೆ ಕೂಲಿ ಕೊಡುವ ಕಟ್ಟಡ ಕಂಪನಿಗಳಿಗೆ ಅರ್ಜಿ ಹಾಕಿದರೆ ಸಿಗುವ ಇನ್ನೊಂದು ರಿಯಾಯಿತಿಯೂ ಇದೆ. ಕೂಲಿ ಹೆಚ್ಚು ಕೊಟ್ಟಷ್ಟೂ ಪ್ರೀಮಿಯಂ ಏರುವ ಅನ್ಯಾಯವನ್ನು ಸರಿಮಾಡಲು ಇಟ್ಟದ್ದು. ಏಜೆಂಟನ್ನು ಇವೆರಡರ ಬಗ್ಗೆ ಹೆಸರು ಹಿಡಿದು ಕೇಳಿ. ಹಾಗೆಯೇ ನಿಮ್ಮ ಲಯಬಿಲಿಟಿ ಪಾಲಿಸಿಯ ಹಿಂದಿನ ಪುಟಗಳಲ್ಲಿ "ಕೆಲಸಗಾರರ ಗಾಯಕ್ಕೆ ಅನ್ವಯಿಸುವುದಿಲ್ಲ" ಅನ್ನುವ ಸಾಲು ಅಡಗಿದೆಯೇ ನೋಡಿಕೊಳ್ಳಿ. ನ್ಯೂಯಾರ್ಕಿನಲ್ಲಿ ಅಗ್ಗದ ಪಾಲಿಸಿಗಳ ಗುಟ್ಟು ಹೆಚ್ಚಾಗಿ ಅಲ್ಲೇ ಇರುತ್ತದೆ.

ಸಿವಿಲ್ ಓದಿ ಇಲ್ಲಿಗೆ ಬಂದ ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು. ಸಿವಿಲ್ ಬಿಟ್ಟು ಸಾಫ್ಟ್‌ವೇರಿಗೆ ಹೋದವರೇ ನಮ್ಮಲ್ಲಿ ಬಹಳ. ಆದರೆ ಇಲ್ಲಿ ಸುರಕ್ಷತೆಯೇ ಒಂದು ವೃತ್ತಿ. ಓಶಾ 10, ಓಶಾ 30 ಕಾರ್ಡುಗಳು ಸರ್ಟಿಫಿಕೇಶನ್ ಅಲ್ಲ ಅಂತ ಓಶಾ ತಾನೇ ಹೇಳುತ್ತದೆ, ಅವು ಮೊದಲ ಮೆಟ್ಟಿಲು. ಮುಂದಿನದು ಬೋರ್ಡ್ ಆಫ್ ಸರ್ಟಿಫೈಡ್ ಸೇಫ್ಟಿ ಪ್ರೊಫೆಷನಲ್ಸ್ ನಡೆಸುವ ಪರೀಕ್ಷೆಗಳು: ಕಟ್ಟಡ ಸೈಟಿನಲ್ಲಿ ಕೆಲಸ ಮಾಡಿದವರಿಗೆ ಸಿಎಚ್‌ಎಸ್‌ಟಿ, ಡಿಗ್ರಿ ಮತ್ತು ಅನುಭವ ಎರಡೂ ಇದ್ದವರಿಗೆ ಸಿಎಸ್‌ಪಿ. ನ್ಯೂಯಾರ್ಕ್ ಸಿಟಿಯಲ್ಲಿ ದೊಡ್ಡ ಕಟ್ಟಡಗಳಿಗೆ ಸೈಟ್ ಸೇಫ್ಟಿ ಮ್ಯಾನೇಜರ್ ಬೇಕೇ ಬೇಕು, ಅದಕ್ಕೆ ಸಿಟಿಯದೇ ಪ್ರಮಾಣಪತ್ರ. ನಕ್ಷೆಗೆ ಸಹಿ ಮುದ್ರೆ ಹಾಕುವ ಪಿಇ ಲೈಸೆನ್ಸ್ ಬೇರೆ ದಾರಿ: ಎಫ್‌ಇ ಪರೀಕ್ಷೆ, ಅನುಭವ, ಪಿಇ ಪರೀಕ್ಷೆ, ಜೊತೆಗೆ ನಮ್ಮ ಊರಿನ ಡಿಗ್ರಿಯ ಮೌಲ್ಯಮಾಪನ. ವಿಶ್ವೇಶ್ವರಯ್ಯನವರ ನಾಡಿನವರು ನಾವು, ಹೆದರುವಂಥದ್ದೇನೂ ಇಲ್ಲ.

ಊರಿನಲ್ಲಿ ಮನೆ ಕಟ್ಟಿಸುವವರಿಗೆ

ನಮ್ಮಲ್ಲಿ ಅನೇಕರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸೈಟು ಕೊಂಡು, ಇಲ್ಲಿಂದಲೇ ವಿಡಿಯೋ ಕಾಲಿನಲ್ಲಿ ಮನೆ ಕಟ್ಟಿಸುತ್ತಾರೆ. ಅಲ್ಲಿ ಸಾರವೆ ಮೇಲೆ ಬರಿಗಾಲಿನಲ್ಲಿ ಬಾಣಲಿ ಹೊತ್ತು ಹತ್ತುವವರೂ ಕೂಲಿಯವರೇ. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ಕಟ್ಟುತ್ತಿದ್ದ ಕಟ್ಟಡ ಕುಸಿದು 9 ಜನ ಸತ್ತರು. ಕಟ್ಟಡ ವೆಚ್ಚದ ಶೇಕಡಾ 1ರಷ್ಟು ಸೆಸ್ ಎತ್ತಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕೊಡುವ ವ್ಯವಸ್ಥೆ 1996ರ ಕಾಯ್ದೆಗಳಿಂದ ಬಂತು. ಪ್ಲಾನ್ ಮಂಜೂರಾತಿ ವೇಳೆ ಕಟ್ಟಿದ ಆ ಹಣದ ಫಲ ಸಿಗಬೇಕಾದರೆ ಕಾರ್ಮಿಕ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನಿಮ್ಮ ಮೇಸ್ತ್ರಿಗೆ "ಗಾರೆಯವರ ಕಾರ್ಡ್ ಆಗಿದೆಯಾ? ಹೆಲ್ಮೆಟ್ ಇದೆಯಾ?" ಅಂತ ಕೇಳಿ. ಟೈಲ್ಸಿನ ಬಣ್ಣ ಕೇಳುವ ಫೋನಿನಲ್ಲೇ ಇದನ್ನೂ ಕೇಳಬಹುದು.

ಕೊನೆಯದಾಗಿ, ನಾನು ವಕೀಲನೂ ಅಲ್ಲ, ಇನ್ಶೂರೆನ್ಸ್ ಏಜೆಂಟೂ ಅಲ್ಲ. ದೊಡ್ಡ ಕೆಲಸಕ್ಕೆ ಕೈಹಾಕುವ ಮುಂಚೆ ಅವರನ್ನೂ ಒಂದು ಮಾತು ಕೇಳಿ. ಆದರೆ ಹೆಚ್ಚು ಹೇಳಿದ ಕಂಟ್ರಾಕ್ಟರ್ ನಿಮ್ಮನ್ನು ಸುಲಿಯುತ್ತಿದ್ದಾನೆ ಅಂತ ತಟ್ಟನೆ ತೀರ್ಮಾನಿಸಬೇಡಿ. ಆ ಹೆಚ್ಚಿನ ಹಣದ ಒಂದು ಪಾಲು, ಮಾಡಿನ ಮೇಲೆ ಹತ್ತಿದವನು ಜಾರಿ ಬಿದ್ದರೆ ಅವನ ಆಸ್ಪತ್ರೆಗೆ, ಅವನು ಮಲಗಿರುವಷ್ಟು ದಿನ ಅವನ ಮನೆಯ ಒಲೆಗೆ ಅಂತ ತೆಗೆದಿಟ್ಟದ್ದು ಇರಬಹುದು. ಕಾಗದ ಕೇಳಿ ನೋಡಿ, ಗೊತ್ತಾಗುತ್ತದೆ.

ನಿಮ್ಮ ಮನೆಯೂ ಭದ್ರವಾಗಿರಲಿ, ಅದನ್ನು ಕಟ್ಟುವವರೂ ಕ್ಷೇಮವಾಗಿರಲಿ.

ಇತಿ ನಿಮ್ಮವ,
ಕೂಟದ ಒಬ್ಬ ಸದಸ್ಯ, ಮಿಡ್ಲ್‌ಸೆಕ್ಸ್ ಕೌಂಟಿ, ನ್ಯೂಜೆರ್ಸಿ